ನಮ್ಮೆಲ್ಲರ ಪರವಾಗಿ ಓದುವವಳು

ನಮ್ಮ ಸಂಘದಲ್ಲಿ ಇನ್ನೂರ ಹದಿನಾಲ್ಕು ವ್ಯಾಪಾರಿಗಳಿದ್ದೇವೆ. ನಮ್ಮಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಕಡಿಮೆಯಿಲ್ಲ, ಆದರೆ ಓದುವವಳು ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ಹನ್ನೆರಡು ವರ್ಷದಿಂದ ನಾನೇ ಸಂಘದ ಕಾರ್ಯದರ್ಶಿ. ನಗರಸಭೆಯಿಂದ ನೋಟಿಸು ಬಂದರೆ ನಾನು ಓದಬೇಕು, ಯಾರದೋ ಮಗಳ ಶಾಲೆಯಿಂದ ಚೀಟಿ ಬಂದರೆ ನಾನು ಓದಬೇಕು, ಕೆಮ್ಮಿನ ಔಷಧಿಯ ಶೀಶೆಯ ಮೇಲಿನ ಸಣ್ಣಕ್ಷರವನ್ನೂ ನಾನೇ ಓದಬೇಕು. ಓದಿ ಎರಡು ಮಾತಿನಲ್ಲಿ ಹೇಳಿದರೆ ಎಲ್ಲರೂ ತಲೆಯಾಡಿಸಿ ಹೋಗುತ್ತಾರೆ. ನಡುವೆ ನಾನು ಬಿಟ್ಟದ್ದೇನು ಎಂದು ಯಾರೂ ಕೇಳಿದವರಲ್ಲ.

ನನ್ನ ಹೆಸರು ಇಲಾರಿಯಾ ಕೆಂತಾ. ಎಲ್ ಆಲ್ಟೊ ನಗರದಲ್ಲಿ, ಮಿನಿಬಸ್ಸುಗಳು ತಿರುಗಿಕೊಳ್ಳುವ ಚೌಕದ ಹಿಂದಿನ ಬೀದಿಯಲ್ಲಿ ಚೂನ್ಯೊ ಮಾರುತ್ತೇನೆ. ಆಲೂಗಡ್ಡೆಯನ್ನು ಹಿಮಕ್ಕೆ ಒಡ್ಡಿ, ಕಾಲಲ್ಲಿ ತುಳಿದು, ಬಿಸಿಲಲ್ಲಿ ಒಣಗಿಸಿದರೆ ಅದೇ ಚೂನ್ಯೊ. ನನ್ನ ಬಲಗಡೆ ಫೊರ್ತುನಾತಾ ಲೀಪಾ ಕೂರುತ್ತಾಳೆ. ಸರೋವರದ ಮೀನು ಮಾರುವವಳು, ಬಾಯಿ ಮಾತ್ರ ಮೆಣಸಿನಕಾಯಿ. ಎದುರು ಸಾಲಿನಲ್ಲಿ ಈರುಳ್ಳಿ ಮಾರುವವಳು ಬಸಿಲಿಯಜ್ಜಿ, ಬಸಿಲಿಯಾ ಚೋಕೆ. ಎಪ್ಪತ್ತೆರಡು ವರ್ಷ. ಒಂದಕ್ಷರ ಬಾರದು, ಒಂದು ಮುಖ ಮರೆಯುವುದಿಲ್ಲ.

ಆ ವರ್ಷ ನ್ಯಾಯಾಧೀಶರ ಚುನಾವಣೆ ಬಂತು. ದೇಶದ ದೊಡ್ಡ ನ್ಯಾಯಾಲಯಗಳಲ್ಲಿ ಕೂರುವವರನ್ನು ನಾವೇ ಓಟು ಹಾಕಿ ಆರಿಸಬೇಕು. ಓಟು ಹಾಕುವುದು ಕಡ್ಡಾಯ, ಹಾಕಿದ್ದಕ್ಕೆ ಚೀಟಿ ತೋರಿಸದಿದ್ದರೆ ಮೂರು ತಿಂಗಳು ಬ್ಯಾಂಕಿನವರು ಮುಖ ಕೊಟ್ಟು ಮಾತಾಡುವುದಿಲ್ಲ. ದೇಶದ ಅಧ್ಯಕ್ಷರ ಚುನಾವಣೆಯಾದರೆ ನಮಗೆ ಕೆಲಸ ಸುಲಭ. ಬ್ಯಾಂಡು ಬರುತ್ತದೆ, ಬಾವುಟ ಬರುತ್ತದೆ, ಗೋಡೆಗೆ ನೇತುಹಾಕಲು ಕ್ಯಾಲೆಂಡರು ಬರುತ್ತದೆ. ಯಾರು ಎಷ್ಟು ಸುಳ್ಳು ಹೇಳುತ್ತಾರೆಂದು ಕಿವಿಯಾರೆ ಕೇಳಿ ತೀರ್ಮಾನಿಸಬಹುದು. ನ್ಯಾಯಾಧೀಶರು ಬಂದು ಸುಳ್ಳು ಹೇಳುವಂತೆಯೂ ಇಲ್ಲ. ಅವರು ಪ್ರಚಾರ ಮಾಡಬಾರದು, ಅವರ ಪರ ಇನ್ನೊಬ್ಬರೂ ಮಾಡಬಾರದು, ಅದು ಕಾನೂನು. ಚುನಾವಣಾ ಕಚೇರಿಯವರು ಅಭ್ಯರ್ಥಿಗಳ ಫೋಟೊ ಮತ್ತು ಚರಿತ್ರೆಯನ್ನು ಒಂದು ಪುರವಣಿಯಾಗಿ ಅಚ್ಚು ಹಾಕಿ ಪತ್ರಿಕೆಯ ಜೊತೆ ಹಂಚುತ್ತಾರೆ. ಓದಿ ಓಟು ಹಾಕಿ ಎಂದು ಹೇಳಿ ಕೈ ತೊಳೆದುಕೊಳ್ಳುತ್ತಾರೆ.

ಸಂಘದ ಸಭೆಯಲ್ಲಿ ಈ ವಿಷಯ ಬಂದಾಗ ಎಲ್ಲರ ಮುಖದಲ್ಲೂ ಸಿಟ್ಟಿತ್ತು. ಮತಪತ್ರ ಮೇಜಿನ ಬಟ್ಟೆಯಷ್ಟು ಅಗಲವಂತೆ, ನಾಲ್ಕು ಪಟ್ಟಿಯಂತೆ, ಪಟ್ಟಿ ತುಂಬ ಮುಖಗಳಂತೆ. ನಮ್ಮ ಸಂಘದ ಅಧ್ಯಕ್ಷ ದೋನ್ ಸೆವೆರೊ ಲಿಮಾಚಿ ಎಲ್ಲರ ಮುಂದೆ ಕೋಕಾ ಎಲೆಯ ಗಂಟು ಬಿಚ್ಚಿಟ್ಟು, ಕೆನ್ನೆಗೆ ನಾಲ್ಕು ಎಲೆ ಒತ್ತಿಕೊಂಡು ಎದ್ದು ನಿಂತ.

"ಅಕ್ಕತಂಗೀರೇ, ಏನ್ ಮಾಡೋಣ ಹೇಳಿ. ಈ ಮುಖಗಳು ನಂಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ."

"ಖಾಲಿ ಬಿಡೋಣ," ಅಂದಳು ಫೊರ್ತುನಾತಾ ಕೂತಲ್ಲಿಂದಲೇ. "ಗೊತ್ತಿಲ್ಲದವರ ಮುಖಕ್ಕೆ ಗೀಟು ಎಳೆಯೋದಕ್ಕಿಂತ ಸುಮ್ನಿರೋದು ಮರ್ಯಾದೆ. ನನ್ನ ಹತ್ರ ಮೀನು ಕೊಳ್ಳೋರು ಕಿವಿರು ಎತ್ತಿ ನೋಡ್ತಾರೆ, ಮೂಸಿ ನೋಡ್ತಾರೆ. ಇಲ್ಲಿ ಮೂಸೋಕೂ ಬಿಡಲ್ಲ, ಕೊಳ್ಳಲೇಬೇಕು ಅಂತಾರೆ."

ಹಲವರು ನಕ್ಕರು. ಹೌದು ಹೌದು, ಖಾಲಿ ಬಿಡೋಣ ಎಂಬ ಮಾತು ಹಿಂದಿನ ಸಾಲುಗಳಿಂದಲೂ ಬಂತು. ಆಗ ಬಸಿಲಿಯಜ್ಜಿ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ನೋಡಿದ್ದು ಒಂದೇ ಸಲ, ಅದೂ ಚರಂಡಿಯ ವಿಷಯಕ್ಕೆ.

"ನೀವು ಖಾಲಿ ಬಿಡ್ತೀರಿ. ಯಾರೋ ನಾಲ್ಕು ಜನ ಗೀಟು ಹಾಕ್ತಾರೆ, ಅದ್ರಲ್ಲೇ ಒಬ್ಬ ಗೆಲ್ತಾನೆ. ಕುರ್ಚಿ ಏನ್ ಖಾಲಿ ಇರುತ್ತಾ? ನನ್ನ ಮನೆ ಕಾಗದ ಹೋಗಿ ಅವನ ಮೇಜಿನ ಮೇಲೆ ಕೂತಿದೆ. ಅವನು ಓದೋನಾ, ಓದದೆ ಇರೋನಾ ಅಂತ ಯಾರಾದ್ರೂ ನೋಡಬೇಕಲ್ವಾ?"

ಅಜ್ಜಿಯ ಮನೆಯ ಕತೆ ನಮಗೆಲ್ಲ ಗೊತ್ತಿತ್ತು. ಅವಳೂ ಅವಳ ಗಂಡನೂ ವಿಮಾನ ನಿಲ್ದಾಣದಾಚೆಯ ಹೊಸ ಬಡಾವಣೆಯಲ್ಲಿ ನಿವೇಶನ ಕೊಂಡು, ಮಣ್ಣಿನ ಇಟ್ಟಿಗೆಯನ್ನು ತಾವೇ ಕಲಸಿ, ಎರಡು ಕೋಣೆ ಎಬ್ಬಿಸಿದ್ದರು. ಮಾರಿದ ದಲ್ಲಾಳಿ ಅದೇ ನಿವೇಶನವನ್ನು ಇನ್ನೊಬ್ಬನಿಗೂ ಮಾರಿದ್ದ. ಎಲ್ ಆಲ್ಟೊದಲ್ಲಿ ಇದು ಹೊಸ ಸುದ್ದಿಯಲ್ಲ. ಕೆಳ ನ್ಯಾಯಾಲಯದ ನ್ಯಾಯಾಧೀಶ ಬಂದು ಮನೆ ನೋಡಿ, ನೆರೆಯವರನ್ನು ವಿಚಾರಿಸಿ, ಅಜ್ಜಿಯದೇ ಎಂದ. ಮೇಲ್ಮನವಿಯಲ್ಲಿ ಅದು ಉಲ್ಟಾ ಆಯಿತು. ಈಗ ಕಡತ ಸುಕ್ರೆ ನಗರದ ದೊಡ್ಡ ನ್ಯಾಯಾಲಯಕ್ಕೆ ಹೋಗಿ ಕೂತಿದೆ. ಮೊಕದ್ದಮೆ ಶುರುವಾಗಿ ಹನ್ನೊಂದು ವರ್ಷ ಆಯಿತು. ನಡುವೆ ಗಂಡ ಸತ್ತ. ಎದುರಾಳಿ ಬಂದು ಅವಳ ಗೋಡೆಯ ಮೇಲೆಯೇ ಕೆಂಪು ಬಣ್ಣದಲ್ಲಿ ಖಾಸಗಿ ಆಸ್ತಿ ಎಂದು ತನ್ನ ಹೆಸರು ಬರೆಸಿ ಹೋಗಿದ್ದಾನೆ. ಅಲ್ಲಿ ಸೋತರೆ ಅವಳು ಗಂಟು ಕಟ್ಟಬೇಕು. ಹೋಗಲು ಬೇರೆ ಜಾಗವಿಲ್ಲ.

ಮಾತು ಮುಗಿಸಿ ಅಜ್ಜಿ ಕೂತಳು. ದೋನ್ ಸೆವೆರೊ ಎಲೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದ. ತಲೆನೋವನ್ನು ಇನ್ನೊಬ್ಬರಿಗೆ ದಾಟಿಸುವುದರಲ್ಲೂ ಅವನು ಅಷ್ಟೇ ಪಳಗಿದವನು.

"ಇದಕ್ಕೆ ತಾನೇ ನಾವು ಕಾರ್ಯದರ್ಶಿ ಇಟ್ಕೊಂಡಿರೋದು. ದೋನ್ಯಾ ಇಲಾರಿಯಾ ಪುರವಣಿ ಓದ್ಲಿ. ಯಾರು ಯೋಗ್ಯರು ಅಂತ ಮುಂದಿನ ಸಭೇಲಿ ಹೇಳ್ಲಿ. ಅವಳು ಹೇಳಿದ ಮುಖಕ್ಕೇ ಎಲ್ರೂ ಹಾಕೋಣ. ಇನ್ನೂರು ಜನ ಇನ್ನೂರು ಪುರವಣಿ ಓದ್ತಾ ಕೂತ್ರೆ ವ್ಯಾಪಾರ ಮಾಡೋರು ಯಾರು?"

ಕೈಗಳು ಎದ್ದವು. ನಮ್ಮಲ್ಲಿ ಸಭೆ ತೀರ್ಮಾನ ಮಾಡಿದರೆ ಮುಗಿಯಿತು, ಮತಗಟ್ಟೆಯ ಪರದೆಯ ಹಿಂದೆಯೂ ಅದೇ ತೀರ್ಮಾನ. ಮುರಿದವರು ಒಂದು ದಿನ ಅಂಗಡಿ ತೆರೆಯುವಂತಿಲ್ಲ. ನಾನೇ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡೆ: ಅಭ್ಯರ್ಥಿಗಳ ವಿಷಯ ಓದಿ ತಿಳಿಸುವ ಹೊಣೆ ಕಾರ್ಯದರ್ಶಿಯದು. ಕೈಬರಹ ಚೆನ್ನಾಗಿ ಬಂದಿತ್ತು. ಸಂತೋಷವೂ ಆಯಿತು, ಸುಳ್ಳೇಕೆ ಹೇಳಲಿ.

ಪುರವಣಿ ಭಾನುವಾರ ಬಂತು. ಮೂವತ್ತೆರಡು ಪುಟ. ಒಬ್ಬೊಬ್ಬರದೂ ಅಂಚೆಚೀಟಿಯಷ್ಟು ಫೋಟೊ, ಅದರ ಪಕ್ಕ ಇರುವೆ ಸಾಲಿನಂಥ ಅಕ್ಷರ: ಎಲ್ಲಿ ಹುಟ್ಟಿದ, ಎಲ್ಲಿ ಓದಿದ, ಯಾವ ಯಾವ ಹುದ್ದೆಯಲ್ಲಿದ್ದ, ಎಷ್ಟು ಪ್ರಮಾಣಪತ್ರ. ನಾನು ಅದನ್ನು ತಕ್ಕಡಿಯ ಪಕ್ಕ ಇಟ್ಟುಕೊಂಡು, ಗಿರಾಕಿ ಇಲ್ಲದಾಗ ಓದೋಣ ಎಂದು ಕೂತೆ. ಡಿಸೆಂಬರ್ ತಿಂಗಳಲ್ಲಿ ಗಿರಾಕಿ ಇಲ್ಲದಿರುವುದುಂಟೇ. ಸೋಮವಾರ ಎರಡು ಪುಟ ಓದಿದೆ. ಮಂಗಳವಾರ ಅವೇ ಎರಡು ಪುಟವನ್ನು ಮತ್ತೆ ಓದಿದೆ, ಏಕೆಂದರೆ ಏನು ಓದಿದ್ದೆನೋ ಮರೆತಿತ್ತು.

ಬಸಿಲಿಯಜ್ಜಿ ದಿನಕ್ಕೊಮ್ಮೆ ಬೀದಿ ದಾಟಿ ಬರುತ್ತಿದ್ದಳು.

"ಓದಿದ್ಯಾ ಇಲಾರಿಯಾ?"

"ಓದ್ತಾ ಇದ್ದೀನಿ ಅಜ್ಜಿ."

"ಸಿಕ್ಕಿದ್ನಾ ಒಬ್ಬ ಒಳ್ಳೆಯೋನು?"

"ಸಿಗ್ತಾನೆ ಬಿಡು. ಸೌದೆ ಆರಿಸಿದ ಹಾಗಾ ಇದು, ಒಂದೇ ದಿನಕ್ಕೆ ಮುಗಿಯೋಕೆ?"

ಗುರುವಾರ ಅವಳು ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ತಂದು ನನ್ನ ಮಡಿಲಲ್ಲಿ ಇಟ್ಟಳು. ಅವಳ ಮೊಕದ್ದಮೆಯ ಕಾಗದಗಳ ಪ್ರತಿ. "ಇದನ್ನೂ ಒಂದ್ಸಲ ನೋಡು," ಅಂದಳು. "ಏನ್ ತಪ್ಪು ಮಾಡ್ತಾರೆ ಅಂತ ಗೊತ್ತಿದ್ರೆ, ತಪ್ಪು ಮಾಡದೋನನ್ನ ಆರ್ಸೋಕೆ ಸುಲಭ ಆಗುತ್ತೇನೋ."

"ಅಜ್ಜಿ, ಇದೇ ಬೇರೆ ಅದೇ ಬೇರೆ. ನಿನ್ನ ವಕೀಲ ಓದಿರ್ತಾನಲ್ಲ."

"ಅವನು ಕೊನೇ ಹಾಳೆ ನೋಡಿ ಸೋತಿದ್ದೀ ಅಂದ. ಉಳಿದಿದ್ದನ್ನ ಓದಿದ್ನೋ ಇಲ್ವೋ ನಂಗೇನ್ ಗೊತ್ತು?"

ಇರಲಿ ಎಂದು ಇಟ್ಟುಕೊಂಡೆ. ಸಂಜೆಯವರೆಗೆ ಆ ಕಟ್ಟು ನನ್ನ ಪಕ್ಕದಲ್ಲೇ ಇತ್ತು. ಗಂಟು ಬಿಚ್ಚಲಿಲ್ಲ. ಅಂಗಡಿ ಕಟ್ಟುವಾಗ ಅವಳಿಗೆ ವಾಪಸು ಕೊಟ್ಟು, "ನೋಡಿದೆ ಅಜ್ಜಿ," ಅಂದೆ. ಅವಳು ಎರಡೂ ಕೈಯಿಂದ ತೆಗೆದುಕೊಂಡಳು. ಈ ಮಾತನ್ನು ಯಾರಿಗೂ ಹೇಳದೆ ಇರಬಹುದಿತ್ತು, ಆದರೆ ಕತೆ ಹೇಳಲು ಕೂತ ಮೇಲೆ ಇದನ್ನು ಬಿಟ್ಟರೆ ಉಳಿದದ್ದೆಲ್ಲ ಬೂಟಾಟಿಕೆ.

ಶುಕ್ರವಾರ ನಾನು ಶೌಚಕ್ಕೆ ಎದ್ದು ಹೋಗಿ ಬರುವಷ್ಟರಲ್ಲಿ ಪುರವಣಿ ತೆಳ್ಳಗಾಗಿತ್ತು.

"ಸುತ್ತೋಕೆ ಕಾಗದ ಸಾಲ್ಲಿಲ್ಲ, ನಿಂದೇ ನಾಲ್ಕು ಹಾಳೆ ಹರ್ಕೊಂಡೆ," ಅಂದಳು ಫೊರ್ತುನಾತಾ. "ಬೇಕಿತ್ತಾ?"

ನೋಡಿದೆ. ನಮ್ಮ ಪ್ರಾಂತ್ಯದಿಂದ ದೊಡ್ಡ ನ್ಯಾಯಾಲಯಕ್ಕೆ ನಿಂತವರು ನಾಲ್ವರು. ಮೊದಲಿನ ಇಬ್ಬರು ಮೀನಿನ ಜೊತೆ ಯಾರ ಮನೆಗೋ ಹೋಗಿದ್ದರು. ಮೂರನೆಯವನ ಫೋಟೊ, ಹೆಸರು, ಹುಟ್ಟೂರು ಉಳಿದಿತ್ತು. ಅವನು ಯಾವ ಯಾವ ಹುದ್ದೆಯಲ್ಲಿದ್ದ ಎಂಬ ಸಾಲಿನಿಂದಾಚೆಗೆ ಹಾಳೆ ಹರಿದಿತ್ತು. ನಾಲ್ಕನೆಯವನು ಪೂರ್ತಿ ಇದ್ದ.

"ಬೇಡ ಬಿಡು," ಅಂದೆ.

ಇನ್ನೊಂದು ಪುರವಣಿ ಬೇಕೆಂದರೆ ಚೌಕದ ಪತ್ರಿಕೆ ಅಂಗಡಿಯಲ್ಲಿ ರಾಶಿ ಬಿದ್ದಿತ್ತು. ನಡೆದರೆ ಆರು ನಿಮಿಷ. ನಾನು ಹೋಗಲಿಲ್ಲ. ಉಳಿದ ಇಬ್ಬರನ್ನೇ ನೋಡಿದೆ. ನಾಲ್ಕನೆಯವನಿಗೆ ಎರಡು ಗೆರೆಯುದ್ದದ ಸ್ಪ್ಯಾನಿಷ್ ಮನೆತನದ ಹೆಸರು, ಬಿಗಿದ ಟೈ, ವಿದೇಶದ ಪ್ರಮಾಣಪತ್ರ. ಮೂರನೆಯವನು ಡಾಕ್ಟರ್ ರೋಮುಲೊ ಯಾನಾರಿಕೊ. ವಕೀಲರನ್ನೆಲ್ಲ ನಾವು ಡಾಕ್ಟರ್ ಎಂದೇ ಕರೆಯುವುದು. ನಮ್ಮ ಐಮಾರಾ ಜನರ ಮನೆತನದ ಹೆಸರು, ಸರೋವರದ ದಂಡೆಯ ಹುಟ್ಟೂರು, ನನ್ನ ತಾಯಿಯ ಊರಿಂದ ಎರಡು ಗುಡ್ಡ ಆಚೆ. ಕುತ್ತಿಗೆಗೆ ಕೈಮಗ್ಗದ ಶಾಲು. ನಮ್ಮವನು ಅಂದುಕೊಂಡೆ. ನನ್ನ ಓದು ಅಲ್ಲಿಗೆ ಮುಗಿಯಿತು.

ಎರಡನೇ ಸಭೆಯಲ್ಲಿ ನಾನು ಮಾತಾಡಿದ್ದನ್ನು ನೀವು ಕೇಳಬೇಕಿತ್ತು. ಎಲ್ಲರ ಚರಿತ್ರೆಯನ್ನೂ ಅಳೆದು ತೂಗಿ ನೋಡಿದ್ದೇನೆ ಅಂದೆ. ಬೇರೆ ಮೂರು ಪಟ್ಟಿಗಳಿಗೂ ಒಂದೊಂದು ಮುಖ ಹೇಳಿದೆ. ಅವನ್ನು ಹೇಗೆ ಆರಿಸಿದೆನೆಂದು ಕೇಳಬೇಡಿ. ಕೊನೆಗೆ, "ದೊಡ್ಡ ನ್ಯಾಯಾಲಯಕ್ಕೆ ಡಾಕ್ಟರ್ ಯಾನಾರಿಕೊ. ಕೊನೇ ಪಟ್ಟಿ, ಮೂರನೇ ಮುಖ, ಶಾಲು ಹೊದ್ದವನು. ನಮ್ಮ ಕಡೆಯವನು, ನಮ್ಮ ಕಷ್ಟ ಗೊತ್ತಿರೋನು," ಅಂದೆ.

ಫೊರ್ತುನಾತಾ ಕೈ ಎತ್ತಿದಳು. "ಮೊದಲ್ನೆಯೋನು, ಎರಡ್ನೆಯೋನು ಯಾರು?"

"ಅವರು ನಮಗೆ ಆಗಿಬರೋರಲ್ಲ."

"ಮೀನಿಗೆ ಆಗಿಬರ್ತಾರೇನೋ," ಅಂದು ಅವಳು ಶಾಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಆ ಮಾತು ಅರ್ಥವಾದದ್ದು ನಮ್ಮಿಬ್ಬರಿಗೆ ಮಾತ್ರ. ನಾನು ಮುಂದಿನ ವಿಷಯಕ್ಕೆ ಹೋದೆ. ಮತ್ತೆ ಕೈಗಳು ಎದ್ದವು. ಎಲ್ಲರಿಗಿಂತ ಮೊದಲು ಎದ್ದದ್ದು ಬಸಿಲಿಯಜ್ಜಿಯ ಕೈ.

ಸಭೆ ಮುಗಿದ ಮೇಲೆ ಅವಳು ನನ್ನ ಬಳಿ ಬಂದು ನಿಧಾನವಾಗಿ ಕೇಳಿದಳು. "ಅವನು ಕಾಗದ ಪೂರ್ತಿ ಓದೋನೇ ಅಂತೀಯಾ?"

"ಓದ್ತಾನೆ ಅಜ್ಜಿ. ಶಾಲೆ ಮೇಷ್ಟ್ರ ಮಗ ಇದ್ದ ಹಾಗಿದ್ದಾನೆ."

ಮೇಷ್ಟ್ರ ಮಗ ಎಂದು ಎಲ್ಲಿಯೂ ಬರೆದಿರಲಿಲ್ಲ.

ಚುನಾವಣೆಯ ದಿನ ಗಾಡಿಗಳು ಓಡುವುದಿಲ್ಲ, ಮದ್ಯ ಸಿಗುವುದಿಲ್ಲ. ರಸ್ತೆ ತುಂಬ ಚೆಂಡಾಟ, ಶಾಲೆಯ ಬಾಗಿಲಲ್ಲಿ ಹಂದಿ ಮಾಂಸ ಕರಿಯುವವರ ಹೊಗೆ. ಬಸಿಲಿಯಜ್ಜಿ ಹೊಸ ನೆರಿಗೆ ಲಂಗ ಉಟ್ಟು, ದುಂಡು ಟೋಪಿಯನ್ನು ಬ್ರಷ್ಷಿನಿಂದ ಉಜ್ಜಿ ಇಟ್ಟುಕೊಂಡು, ಒಂದೂವರೆ ಗಂಟೆ ನಡೆದು ಬಂದಿದ್ದಳು. ಸಾಲಿನಲ್ಲಿ ನನ್ನ ಮುಂದೆ ನಿಂತು ಬೆರಳು ಮಡಿಸುತ್ತ ಬಾಯಿಪಾಠ ಮಾಡುತ್ತಿದ್ದಳು. ಮೊದಲ ಪಟ್ಟಿ ಐದನೇ ಮುಖ, ಎರಡನೇ ಪಟ್ಟಿ ಎರಡನೇ ಮುಖ. ಒಳಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ. ಮೇಜಿನ ಹಿಂದೆ ಕೂತಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಬಂದವಳು ನನ್ನ ತೋಳು ಹಿಡಿದು, "ಹಾಕ್ದೆ," ಅಂದಳು. "ಆ ಮೂರನೇ ಮುಖ ನಂಗೆ ಹಿಡಿಸ್ಲಿಲ್ಲ ಕಣೇ. ಕಣ್ಣು ಕಾಗದದ ಮೇಲಿಲ್ಲ, ಎಲ್ಲೋ ಆಚೆ ಇದೆ. ಪಕ್ಕದಲ್ಲಿ ಒಬ್ಳು ಹೆಂಗಸಿದ್ಳು, ಎರಡನೆಯೋಳು, ಕನ್ನಡಕ ಹಾಕ್ಕೊಂಡು. ಅವಳಿಗೆ ಹಾಕ್ಲಾ ಅಂತ ಪೆನ್ಸಿಲ್ ಇಟ್ಟಿದ್ದೆ. ಆಮೇಲೆ ಅಂದ್ಕೊಂಡೆ, ನಾನು ಮುಖ ನೋಡಿ ಹೇಳೋಳು, ನೀನು ಓದಿ ಹೇಳೋಳು. ನೀನು ಹೇಳಿದ್ದೇ ಸರಿ ಇರುತ್ತೆ ಅಂತ."

ಎರಡನೆಯ ಅಭ್ಯರ್ಥಿ ಹೆಂಗಸು ಎಂದು ನನಗೆ ತಿಳಿದದ್ದು ಆಗಲೇ.

ಡಾಕ್ಟರ್ ಯಾನಾರಿಕೊ ಗೆದ್ದ. ನಮ್ಮ ಇನ್ನೂರು ಓಟಿನಿಂದ ಗೆದ್ದ ಎಂದು ಹೇಳಲಾರೆ, ಆದರೆ ಬೀದಿಯಲ್ಲಿ ಎಲ್ಲರೂ ಹಾಗೆಯೇ ಹೇಳಿಕೊಂಡರು. ದೋನ್ ಸೆವೆರೊ ನನ್ನ ಬೆನ್ನು ತಟ್ಟಿದ. ಖಾಲಿ ಬಿಟ್ಟೆ ಎಂದು ಎಲ್ಲರೆದುರು ಒಪ್ಪಿಕೊಂಡದ್ದಕ್ಕೆ ಫೊರ್ತುನಾತಾ ಒಂದು ದಿನ ಅಂಗಡಿ ಮುಚ್ಚಿ ಮನೆಯಲ್ಲಿ ಕೂತಳು. ಹೇಳದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಜನವರಿಯಲ್ಲಿ ಹೊಸಬರೆಲ್ಲ ಪ್ರಮಾಣ ಮಾಡಿ ಕುರ್ಚಿಯ ಮೇಲೆ ಕೂತರು. ಮರುದಿನ ಬೆಳಿಗ್ಗೆಯೇ ಬಸಿಲಿಯಜ್ಜಿ ಆ ಕಟ್ಟಿನೊಡನೆ ಬಂದಳು. ನನಗೆಂದು ನೇರಳೆ ಜೋಳದ ಬಿಸಿ ಗಂಜಿ ಆಪಿಯನ್ನೂ ಕರಿದ ಗಿಣ್ಣಿನ ರೊಟ್ಟಿಯನ್ನೂ ತಂದಿದ್ದಳು.

"ಅವರಿಗೊಂದು ಕಾಗದ ಬರೀಬೇಕು," ಅಂದಳು. "ನಿಮಗೆ ಓಟು ಹಾಕಿದೋಳು, ನನ್ನ ಕಡತ ನಿಮ್ಮ ಹತ್ರ ಇದೆ, ದಯವಿಟ್ಟು ಪೂರ್ತಿ ಓದಿ ಅಂತ. ಬೇರೇನೂ ಬೇಡ. ಮನೆ ಕೊಡಿ ಅಂತಾನೂ ಬರೀಬೇಡ. ಓದಿದ್ರೆ ಅವರಿಗೇ ಗೊತ್ತಾಗುತ್ತೆ."

ಕಡತದ ಸಂಖ್ಯೆ ಬೇಕಿತ್ತು. ಹಾಗಾಗಿ ಗಂಟು ಬಿಚ್ಚಿದೆ. ಸಂಖ್ಯೆ ಮೊದಲ ಹಾಳೆಯಲ್ಲೇ ಇತ್ತು. ಆ ದಿನ ಮಳೆ ಹನಿಯುತ್ತಿತ್ತು, ಗಿರಾಕಿ ಇರಲಿಲ್ಲ, ಆಪಿ ಬಿಸಿಯಾಗಿತ್ತು. ಮೇಲ್ಮನವಿಯ ತೀರ್ಪನ್ನು ಓದುತ್ತ ಹೋದೆ. ಒಂಬತ್ತು ಹಾಳೆ. ಮೊದಲ ಆರು ಹಾಳೆಯಲ್ಲಿ ನಿವೇಶನ, ಅಳತೆ, ಯಾವಾಗ ಯಾರು ಕೊಂಡರು. ಏಳನೇ ಹಾಳೆಯಲ್ಲಿ ಒಂದು ಲಾರಿ ಬಂತು. ಹಸಿರು ಬಣ್ಣದ ಲಾರಿ, ಎಂಜಿನ್ ಸಂಖ್ಯೆ ಸಮೇತ. ಸದರಿ ಲಾರಿಯನ್ನು ಈತ ಸ್ವಾಧೀನದಲ್ಲಿ ಇಟ್ಟುಕೊಂಡಿದ್ದಕ್ಕೆ ಪುರಾವೆಯಿಲ್ಲ, ಆದ್ದರಿಂದ ಹಿಂದಿನ ತೀರ್ಪು ರದ್ದು ಎಂದಿತ್ತು. ಮತ್ತೆ ಓದಿದೆ. ಬಸಿಲಿಯಜ್ಜಿಗೆ ಲಾರಿ ಇರಲಿಲ್ಲ, ಕೈಗಾಡಿಯೂ ಇರಲಿಲ್ಲ. ಈತ ಅನ್ನಿಸಿಕೊಳ್ಳಲು ಗಂಡಸೂ ಅಲ್ಲ. ಬೇರೆ ಯಾರದೋ ಮೊಕದ್ದಮೆಯ ತೀರ್ಪಿನಿಂದ ಎರಡು ಹಾಳೆ ಎತ್ತಿ ಇಲ್ಲಿ ಅಂಟಿಸಿದ್ದರು. ಬರೆದ ಗುಮಾಸ್ತ ನೋಡಲಿಲ್ಲ, ಸಹಿ ಮಾಡಿದವನೂ ನೋಡಲಿಲ್ಲ.

ಒಂಬತ್ತನೇ ಹಾಳೆಯ ಕೊನೆಯಲ್ಲಿ ಮೊಹರಿತ್ತು. ಅದರ ಮೇಲೆ ಸಹಿ, ಕೆಳಗೆ ದಪ್ಪಕ್ಷರದಲ್ಲಿ ಹೆಸರು. ಡಾಕ್ಟರ್ ರೋಮುಲೊ ಯಾನಾರಿಕೊ.

ಅಜ್ಜಿ ನನ್ನ ಮುಂದೆ ಚೂನ್ಯೊ ಚೀಲದ ಮೇಲೆ ಕೂತು ನನ್ನ ಪೆನ್ನನ್ನೇ ನೋಡುತ್ತಿದ್ದಳು. ಅವಳು ಅವನನ್ನು ಯಾವತ್ತೂ ನೋಡಿರಲಿಲ್ಲ, ಹೆಸರನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ. ಹೋದಾಗಲೆಲ್ಲ ಡಾಕ್ಟರ್ ಸಭೆಯಲ್ಲಿದ್ದಾರೆ ಎಂದು ಹೊರಗಿನಿಂದಲೇ ಕಳಿಸುತ್ತಿದ್ದರಂತೆ. ಇಲ್ಲದಿದ್ದರೆ ಮತಪತ್ರದ ಮೇಲೆ ಗುರುತು ಹಿಡಿಯುತ್ತಿದ್ದಳು.

ಮಾತಾಡದೆ ಇದ್ದುಬಿಡೋಣ ಅನ್ನಿಸಿತು. ಅವಳು ಹೇಳಿದ ಹಾಗೆ ನಾಲ್ಕು ಸಾಲು ಬರೆದು, ಹೆಬ್ಬೆಟ್ಟು ಒತ್ತಿಸಿ, ಅಂಚೆಗೆ ಹಾಕಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹನ್ನೆರಡು ವರ್ಷದಿಂದ ನಾನು ಬಿಟ್ಟದ್ದನ್ನು ಯಾರೂ ಕೇಳಿಲ್ಲ, ಇದನ್ನು ಮಾತ್ರ ಏಕೆ ಕೇಳುತ್ತಾರೆ? ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವವರನ್ನು ನಾನು ಎಷ್ಟೋ ಸಲ ಬೈದಿದ್ದೇನೆ. ಅವತ್ತು ನನ್ನ ಮೇಲೆಯೇ ನನಗೆ ಹೇಸಿಗೆಯಾಯಿತು. ನಾಚಿಕೆಯೆಂದರೆ ಏನೆಂದು ನಲವತ್ತೊಂಬತ್ತನೇ ವಯಸ್ಸಿನಲ್ಲಿ ಕಲಿತೆ.

"ಅಜ್ಜಿ, ನಿನ್ನನ್ನ ಸೋಲಿಸಿದೋನು ಇವನೇ."

"ಯಾರು?"

"ಯಾನಾರಿಕೊ. ಇಲ್ಲಿ ಸಹಿ ಹಾಕಿರೋನು. ನಾವು ಓಟು ಹಾಕಿದೋನು."

ಅವಳು ಕೈ ಚಾಚಿ ಹಾಳೆಯನ್ನು ತೆಗೆದುಕೊಂಡಳು. ಸಹಿಯ ಮೇಲೆ ಬೆರಳಿಟ್ಟಳು, ನನ್ನ ಬೆರಳು ಎಲ್ಲಿತ್ತೋ ಅಲ್ಲಿಯೇ. ನಾನು ಲಾರಿಯ ವಿಷಯವನ್ನೂ ಹೇಳಿದೆ. ಮೀನು ಸುತ್ತಿದ ಹಾಳೆಯ ವಿಷಯವನ್ನೂ ಹೇಳಿದೆ. ಪಕ್ಕದಲ್ಲಿ ಫೊರ್ತುನಾತಾ ಮೀನಿನ ಹೊಟ್ಟೆ ಸೀಳುವುದನ್ನು ನಿಲ್ಲಿಸಿದ್ದಳು.

"ಓಟಿಗೆ ಮುಂಚೆ, ಆ ಗುರುವಾರ, ನಾನು ಇದನ್ನ ನಿಂಗೆ ಕೊಟ್ಟಿದ್ದೆ," ಅಂದಳು ಅಜ್ಜಿ.

"ಹೌದು."

"ನೋಡಿದೆ ಅಂದಿದ್ದೆ ನೀನು."

"ನೋಡಿರ್ಲಿಲ್ಲ."

"ಈಗ ಓದೋಕೆ ಎಷ್ಟು ಹೊತ್ತು ಹಿಡೀತು?"

ಆಪಿಯ ಲೋಟ ಇನ್ನೂ ಬೆಚ್ಚಗಿತ್ತು. ಬೇರೆ ಏನಾದರೂ ಹೇಳಬೇಕೆಂದು, "ಅವನ ತೀರ್ಪನ್ನ ಅವನೇ ನೋಡೋ ಹಾಗಿಲ್ಲ ಅಜ್ಜಿ. ಕಾನೂನು ಹಾಗಿದೆ. ಬೇರೆಯವರು ನೋಡ್ತಾರೆ," ಅಂದೆ.

"ಬೇರೆಯವ್ರು ಅವನ ಪಕ್ಕದ ಕುರ್ಚೀಲಿ ತಾನೇ ಕೂರೋದು?"

ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ದೋನ್ ಸೆವೆರೊ ಸುದ್ದಿ ತಿಳಿದು ಬಂದು, ಇನ್ನೂರು ಜನರಿಂದ ಆದ ತಪ್ಪು ಯಾರೊಬ್ಬರ ತಪ್ಪೂ ಅಲ್ಲ, ಮುಂದಿನ ಚುನಾವಣೆಗೆ ಓದಲು ಇಬ್ಬರನ್ನು ನೇಮಿಸೋಣ ಅಂದ. ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವನು ಹೋದ ಮೇಲೆ ನನಗೆ ಹೇಳಿದಳು.

"ಕಾಗದ ಬರಿ. ನಾನು ಹೇಳಿದ ಹಾಗೇ ಬರಿ, ನಿಂದೇನೂ ಸೇರಿಸ್ಬೇಡ."

ಬರೆದೆ. ಅವಳು ಹೇಳಿದ್ದು ಇಷ್ಟು: "ಡಾಕ್ಟರ್ ಯಾನಾರಿಕೊ ಅವರಿಗೆ. ನಾನು ಬಸಿಲಿಯಾ ಚೋಕೆ. ನಂಗೆ ಲಾರಿ ಇಲ್ಲ. ಎರಡು ಕೋಣೆ ಮನೆ ಇದೆ, ನನ್ನ ಗಂಡ ಕಟ್ಟಿದ್ದು. ನೀವು ನನ್ನ ಕಾಗದ ಓದದೆ ಸಹಿ ಹಾಕಿದ್ರಿ. ನಾನು ನಿಮ್ಮ ವಿಷಯ ತಿಳ್ಕೊಳ್ಳದೆ ನಿಮಗೆ ಓಟು ಹಾಕಿದೆ. ನಾವಿಬ್ರೂ ಒಂದೇ ಆದ್ವಿ. ನಂಗೆ ಓದೋಕೆ ಬರಲ್ಲ. ನಿಮಗೆ ಬರುತ್ತೆ. ಓದಿ."

ಓದಿ ಎಂಬಲ್ಲಿಗೆ ಮುಗಿಯಿತೆಂದು ನಾನು ಪೆನ್ನು ಎತ್ತಿದೆ.

"ನಿನ್ನ ಹೆಸರೂ ಹಾಕು," ಅಂದಳು.

"ಸಂಘದ ಕಾರ್ಯದರ್ಶಿ ಅಂತಾನಾ?"

"ಅಲ್ಲ. ಓದಿ ಹೇಳ್ತೀನಿ ಅಂದೋಳು ಅಂತ ಹಾಕು."

ಹಾಕಿದೆ. ಹೆಬ್ಬೆಟ್ಟಿಗೆಂದು ಶಾಯಿಯ ಡಬ್ಬಿಯನ್ನು ಅವಳ ಮುಂದೆ ಇಟ್ಟೆ. ಅವಳು ಒತ್ತಲಿಲ್ಲ. ಕಾಗದವನ್ನು ಹಿಡಿದು ಎದ್ದು, ನನ್ನನ್ನು ದಾಟಿ, ಮೀನಿನ ಬುಟ್ಟಿಗಳ ಮುಂದೆ ಹೋಗಿ ನಿಂತಳು.

"ಫೊರ್ತುನಾತಾ, ನಿಂಗೆ ಓದೋಕೆ ಬರುತ್ತಲ್ಲ?"

"ಬರುತ್ತೆ ಅಜ್ಜಿ."

"ಇದ್ರಲ್ಲಿ ಇವಳು ಏನ್ ಬರ್ದಿದ್ದಾಳೆ ಓದು. ಒಂದಕ್ಷರ ಬಿಡಬೇಡ."

ಫೊರ್ತುನಾತಾ ನನ್ನ ಕಡೆ ನೋಡಲಿಲ್ಲ. ಕೈಯನ್ನು ಲಂಗಕ್ಕೆ ಎರಡು ಸಲ ಒರೆಸಿಕೊಂಡಳು, ಕಾಗದ ತೆಗೆದುಕೊಂಡಳು, ಅಭ್ಯಾಸವಿಲ್ಲದ್ದರಿಂದ ಒಂದೊಂದೇ ಪದ ಬಿಡಿಸಿ ಗಟ್ಟಿಯಾಗಿ ಓದಿದಳು. ನನ್ನ ಹೆಸರಿನವರೆಗೆ, ಅದರ ಕೆಳಗಿನ ಸಾಲಿನವರೆಗೆ ಓದಿದಳು. ಅಜ್ಜಿ ತಲೆ ಬಗ್ಗಿಸಿ ಕೇಳಿಸಿಕೊಂಡಳು. ಆಮೇಲೆ ಬಂದು, ನನ್ನ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ, ಕಾಗದದ ಮೇಲೆ ಒತ್ತಿದಳು.